ದೇವರಿಲ್ಲದ ಗುಡ್ಡಕ್ಕೆ

ಪಿಗ್ಮಿ ಪುಸ್ತಕದ ಕೊನೆಯ ಹಾಳೆಯಲ್ಲಿ
ಪೆನ್ಸಿಲಿನಲ್ಲಿ ಬರೆದುಕೊಂಡಿದ್ದೇನೆ:
ದುರ್ಗದಿಂದ ಕಳಸಕ್ಕೆ ಬಸ್ಸು, ಟಿಕೆಟ್ಟು ಒಂದೂವರೆ.
ನಾವು ಮೂವರು ಹೆಂಗಸರಿಗೆ ಆಧಾರ್ ಕಾರ್ಡೇ ಟಿಕೆಟ್ಟು.
ಓಬುಗಿನ್ನೂ ಅರ್ಧ. ಅವನಿಗೆ ಹನ್ನೆರಡು ತುಂಬುವುದರೊಳಗೆ
ಹೋಗಿ ಬಂದುಬಿಡಬೇಕು.

ದಿನಾ ಸಂಜೆ ಸಂತೇಪೇಟೆಯಿಂದ ಲಕ್ಷ್ಮೀ ಬಜಾರಿನವರೆಗೆ
ಅಂಗಡಿ ಮೆಟ್ಟಿಲು ಹತ್ತಿ, ಅಂಗಡಿ ಮೆಟ್ಟಿಲು ಇಳಿದು
ಇಪ್ಪತ್ತು ಐವತ್ತು ಕೂಡಿಸುವ ಕಾಲು ನನ್ನವು.
ಯಾರದೋ ಮಗಳ ಮದುವೆ, ಯಾರದೋ ಹೊಲಿಗೆ ಮಿಷನ್ನು,
ನೂರಾ ಹದಿನೇಳು ಜನರ ನಾಳೆಗಳನ್ನು
ಹೆಗಲ ಚೀಲದಲ್ಲಿ ಹೊತ್ತವಳು
ಹೋದ ಯುಗಾದಿಗೆ ನನ್ನ ಹೆಸರಲ್ಲೂ ಒಂದು ಖಾತೆ ತೆರೆದೆ.
ಉದ್ದೇಶ ಅನ್ನುವ ಕಡೆ 'ಗುಡ್ಡ' ಎಂದು ಬರೆದೆ.
ಕೊಳ್ಳೋಕಾ ಮೇಡಂ, ಅಂದರು ಮ್ಯಾನೇಜರು.

ಬೋರೇಶನಿಗೆ ಹೇಳಿದ ರಾತ್ರಿ
ರೊಟ್ಟಿ ಮುರಿಯುತ್ತಿದ್ದ ಕೈ ಹಾಗೇ ನಿಂತಿತು.
ಜೋಗಿಮಟ್ಟಿಯಾಚೆ ಗಾಳಿ ಫ್ಯಾನು ರಿಪೇರಿ ಅವನ ಕೆಲಸ.
ಕಬ್ಬಿಣದ ಕೊಳವೆಯೊಳಗೆ, ಸೊಂಟಕ್ಕೆ ಹಗ್ಗ ಬಿಗಿದು,
ನೆಟ್ಟಗೆ ಏಣಿ; ದಿನಕ್ಕೆ ಒಂದು ಸಲ, ಒಮ್ಮೊಮ್ಮೆ ಎರಡು.
"ಹತ್ತೋದು ನಂಗೆ ಸಂಬಳ ಕಣೇ.
ರಜಾ ಅಂದ್ರೆ ಸಪಾಟು ನೆಲ.
ಒಂದು ಚಾಪೆ ಹಾಸು, ಸಾಕು."

ಪಾಪಕ್ಕ ಚಿಕ್ಕಮ್ಮನದು ಬೇರೆಯದೇ ತಕರಾರು.
"ಮೇಲೆ ಯಾವ ದೇವ್ರೈತೆ?"
ಯಾವುದೂ ಇಲ್ಲ.
"ಹರಕೆ?"
ಅದೂ ಇಲ್ಲ.
"ಮತ್ತೆ ಇಳಿಯೋ ಗುಡ್ಡ ಯಾಕೆ ಹತ್ತಬೇಕು?"
ಕೇಳಿದ್ದಕ್ಕೆ ಉತ್ತರ ಹುಡುಕುತ್ತಾ ಎರಡು ದಿನ ಕಳೆದೆ.
ಮೂರನೆಯ ದಿನ, ಒಳಕೋಣೆಯಲ್ಲಿ,
ಸೀರೆಯ ಕೆಳಗೆ ಬಿಳೀ ಕ್ಯಾನ್ವಾಸು ಶೂ ಹಾಕಿಕೊಂಡು
ಗೋಡೆಯಿಂದ ಗೋಡೆಗೆ ನಡೆದು ನೋಡುತ್ತಿದ್ದಳು.

ಇಂಚರ ನಕ್ಷೆ ಬಿಡಿಸಿ ಬೀರುವಿಗೆ ಅಂಟಿಸಿದ್ದಾಳೆ.
ಗೆರೆಗೆ ಗೆರೆ ಹತ್ತಿರ ಬಂದರೆ ಏರು ಕಡಿದು,
ದೂರ ಸರಿದರೆ ನಡೆಯುವುದು ಸಲೀಸು, ಅನ್ನುತ್ತಾಳೆ.
(ಮನೆಯಲ್ಲಿ ಇದು ತಿರುಗಾಮುರುಗಾ, ಮಗಳೇ.)
ಓಬುಗೆ ಒಂದೇ ಚಿಂತೆ:
ಜಿಗಣೆಗೆ ಮುಖ ಯಾವ ಕಡೆ ಇರುತ್ತದೆ?

ಭಾನುವಾರ ಜೋಗಿಮಟ್ಟಿ ರಸ್ತೆಯಲ್ಲಿ ತಾಲೀಮು.
ಶಾಲೆ ಚೀಲದಲ್ಲಿ ಎರಡು ಲೀಟರ್ ನೀರು, ಒಂದು ಇಟ್ಟಿಗೆ.
ಓಬು ತಿರುವಿನಾಚೆ ಮಾಯ.
ಚಿಕ್ಕಮ್ಮ ಕಂಡ ನೆರಳಿಗೆಲ್ಲ ಅತಿಥಿ.
ನನ್ನ ಕಾಲೋ, ಇಪ್ಪತ್ತು ಹೆಜ್ಜೆಗೊಮ್ಮೆ ತಾನಾಗಿ ನಿಲ್ಲುತ್ತದೆ,
ಸೀತಾಫಲದ ಗಿಡಕ್ಕೂ ರಸೀದಿ ಹರಿದು ಕೊಡಬೇಕೇನೋ ಎಂಬಂತೆ.
ಬೋರೇಶ ಕೆಳಗೆ, ಟೀ ಗಾಡಿಯ ಬೆಂಚಿನಲ್ಲಿ.
ಇಷ್ಟು ವರ್ಷ ಒಂದೇ ಸೂರಿನಡಿ ಬದುಕಿದ ಐವರು
ಒಂದೇ ದಿಕ್ಕಿಗೆ ನಡೆದದ್ದು
ಯಾವಾಗ, ನೆನಪಾಗಲಿಲ್ಲ.

ಆ ರಾತ್ರಿ ಕರೆಂಟಿರಲಿಲ್ಲ.
ಮಕ್ಕಳು ಮಲಗಿದ ಮೇಲೆ, ಕತ್ತಲಿಗೆ ಹೇಳುವಂತೆ ಅಂದ:
"ಮಳೆ ನಿಂತ ಮೇಲಿನ ಬೆಳಗ್ಗೆ, ತುದಿಯ ಮುಚ್ಚಳ ತೆಗೆದು
ತಲೆ ಹೊರಗೆ ಹಾಕಿದರೆ
ಪಶ್ಚಿಮಕ್ಕೆ ಒಂದು ನೀಲಿ ಗೆರೆ ಕಾಣುತ್ತೆ.
ಹನ್ನೊಂದು ವರ್ಷದಿಂದ ನೋಡ್ತಿದೀನಿ.
ಮೋಡವೋ ಗುಡ್ಡವೋ, ಕೇಳೋಣ ಅಂದ್ರೆ
ಅಲ್ಲಿ ಯಾರಿರ್ತಾರೆ, ಗಾಳಿ ಬಿಟ್ಟು?
ನಿನ್ನ ಕುದುರೆಮುಖ, ಅದೇ ಏನು?"

ಇರಬಹುದು, ಅಂದೆ. ನನಗೂ ಗೊತ್ತಿಲ್ಲ.

ಅರಣ್ಯ ಇಲಾಖೆಯ ಪಟ್ಟಿಯಲ್ಲಿ
ನಾವು ಕೇಳಿದ ಶನಿವಾರ ಭರ್ತಿ, ಅದರ ಮುಂದಿನದೂ.
ಇಂಚರ ಇನ್ನೂ ಫೋನು ಒತ್ತುತ್ತಲೇ ಇದ್ದಾಳೆ.

ಇವತ್ತು ಹಣ ಎಣಿಸಿ ಮುಗಿಸಿ
ಪುಸ್ತಕದ ಕೊನೆಯ ಹಾಳೆ ತೆಗೆದೆ.
ಉಪ್ಪು, ಟಾರ್ಚು, ಗ್ಲೂಕೋಸು, ಚಿಕ್ಕಮ್ಮನ ಮೊಣಕಾಲಿನ ಎಣ್ಣೆ.
ಅದರ ಕೆಳಗೆ, ಗ್ರೀಸು ಮೆತ್ತಿದ ಬೆರಳಚ್ಚಿನ ಪಕ್ಕ,
ಓರೆಕೋರೆ ಅಕ್ಷರ:

ಚಾಪೆ, ಒಂದು.
ಮೇಲೆ ಹಾಸಲಿಕ್ಕೆ.