ಪದ ಮೊದಲು ನೀನು ಹೇಳಕೂಡದು

ನಿಯಮ ಒಂದೇ: ಪದ ಮೊದಲು ನೀನು ಹೇಳಕೂಡದು.
ತೋರಿಸು, ನಟಿಸು, ಸುತ್ತಿ ಬಳಸಿ ಕೇಳು,
ಅವರ ಬಾಯಿಂದಲೇ ಬರಲಿ.
ಹೀಗೆಂದು ಕಳಿಸಿದ್ದರು ಡೆನ್ಜಿಲ್ ಟ್ರೆಗೆಯರ್‌ನನ್ನು
ನಾರ್ತಂಬರ್‌ಲ್ಯಾಂಡಿನ ಕಡಲಂಚಿಗೆ,
ಐವತ್ತನಾಲ್ಕರ ಮಾರ್ಚಿನಲ್ಲಿ.
ಕರುವಿನಷ್ಟು ಭಾರದ ಟೇಪ್ ರೆಕಾರ್ಡರು,
ಸಾವಿರ ಪ್ರಶ್ನೆಗಳ ಪುಸ್ತಕ,
ಒದ್ದೆ ಕಾಲುಚೀಲ.

ಥೊಮಸಿನಾ ಆರ್ಚ್‌ಬೋಲ್ಡ್‌ಗೆ ಎಪ್ಪತ್ತೊಂಬತ್ತು.
ಹೆರಿಂಗ್ ಮೀನಿನ ಹೊಟ್ಟೆ ಸೀಳಿ ಸೀಳಿ
ಬೆರಳ ತುದಿಗಳಲ್ಲಿ ಬಿಳಿ ಗೆರೆ.
ಮನೆಗೆ ಕರೆಂಟಿಲ್ಲ. ಪಕ್ಕದ ಪಬ್ಬಿನಿಂದ
ಕಿಟಕಿಯೊಳಗೆ ವೈರು ಎಳೆದು ತಂದ.

ಎರಡೂ ಕೈ ರೆಕ್ಕೆಯಂತೆ ಬಡಿದ.
'ಚಳಿಯಾ?' ಎಂದಳು.
ಮತ್ತೆ ಬಡಿದ. ಕೊಕ್ಕಿನ ಹಾಗೆ ತುಟಿ ಚೂಪು ಮಾಡಿದ.
'ಓ, ಬೊಱ್ಡ್!'

ಬರ್ಡ್ ಅಲ್ಲ. ಬೋರ್ಡೂ ಅಲ್ಲ.
ನಾಲಗೆ ಸುಮ್ಮನೆ ಮಲಗಿತ್ತು;
ಗಂಟಲ ಹಿಂದೆ, ಕಿರುನಾಲಗೆಯ ಬುಡದಲ್ಲಿ,
ನುಣುಪುಗಲ್ಲುಗಳ ಮೇಲೆ ಅಲೆ ಹಿಂದೆ ಸರಿದಂತೆ
ಗೊರಗೊರ ಒಂದು ಸದ್ದು.
ಅದನ್ನು ಬರೆಯಲು ನನ್ನಲ್ಲಿ ಅಕ್ಷರವಿಲ್ಲ.
ಹಳಗನ್ನಡದ ಅಟ್ಟದಿಂದ ಇದೊಂದನ್ನು, ಱ, ಇಳಿಸಿಕೊಂಡೆ,
ಧೂಳು ಕೊಡವಿ.
ಅದರ ಸದ್ದು ಇದಲ್ಲ, ಗೊತ್ತು.
ಆದರೆ ಒಂದು ಕಾಲಕ್ಕೆ ಅದೂ ಜನರ ಬಾಯಲ್ಲಿತ್ತು,
ವ್ಯಾಪಾರದಲ್ಲಿ, ಜಗಳದಲ್ಲಿ, ಕೂಸುಗಳ ತೊದಲಿನಲ್ಲಿ;
ಈಗ ಶಾಸನದ ಸಾಲಿನಲ್ಲಿ ಸುಮ್ಮನೆ ಕೂತಿದೆ.
ಕಲ್ಲಿಗೇನು, ಕೊಟ್ಟದ್ದನ್ನು ಇಟ್ಟುಕೊಳ್ಳುತ್ತದೆ.
ಬಾಯಿ ಹಾಗಲ್ಲ.

ಟೇಪು ತಿರುಗಿತು.
ಅಂಗಿ ಎಳೆದು ತೋರಿಸಿದ: 'ಶೊಱ್ಟ್.'
ಮೊದಲನೆಯದು, ಎರಡನೆಯದು, ಆಮೇಲೆ? 'ಥೊಱ್ಡ್.'
ಗಂಡನ ಹೆಸರು? 'ಕತ್‌ಬೊಱ್ಟ್.'
ತುಸು ತಡೆದು, 'ದೋಣಿ ಮಾತ್ರ ಸಿಕ್ಕಿತು.'
ಸೊಸೆ ಹಾರ್ಟಲ್‌ಪೂಲಿನವಳು.
ಮೊಮ್ಮಗಳದೂ ತಾಯಿಯ ಮಾತೇ.
'ನಾನು ಬಾಯಿಬಿಟ್ಟರೆ ಬೆಕ್ಕು ಕೆಮ್ಮಿದ ಹಾಗಂತೆ ಅದಕ್ಕೆ.'

ಆಮೇಲೆ ಕೇಳಿದಳು:
'ನಿನ್ನದೆಲ್ಲಿ ಹೋಯಿತು?'
'ಏನು?'
'ಕಾ ಅನ್ನುತ್ತೀಯ, ಫಾಮ್ ಅನ್ನುತ್ತೀಯ,
ರೇಡಿಯೋದವರ ಹಾಗೆ, ಅರ್ಧ ನುಂಗಿ.
ಹುಟ್ಟುತ್ತಲೇ ಯಾರೂ ಹೀಗೆ ಮಾತಾಡೋದಿಲ್ಲ ಮಗಾ.'

ಕಾರ್ನ್‌ವಾಲಿನ ನ್ಯೂಲಿನ್. ಅಪ್ಪನದೂ ಮೀನೇ.
ಹನ್ನೊಂದಕ್ಕೆ ಸ್ಕಾಲರ್‌ಶಿಪ್ಪು, ದೊಡ್ಡ ಶಾಲೆ;
ಸುರುಳಿ ಸುತ್ತಿದ ಪ್ರತಿ ರಕಾರಕ್ಕೆ
ಮೇಷ್ಟರು ಒಂದೊಂದು ಪೆನ್ನಿ ದಂಡ ಹಾಕುತ್ತಿದ್ದರು.
ಮೊದಲ ಟರ್ಮಿಗೆ ನಾಲ್ಕು ಶಿಲಿಂಗು.
ಎರಡನೆಯದಕ್ಕೆ ಏನೂ ಇಲ್ಲ.
ರಜೆಗೆ ಮನೆಗೆ ಬಂದವನ ಮಾತು ಕೇಳಿ
ಅಮ್ಮ ಒಳ್ಳೆಯ ಪಿಂಗಾಣಿ ಹೊರತೆಗೆದಳು,
ಬೇರೆಯವರು ಬಂದಾಗ ತೆಗೆಯುವುದನ್ನು.

ಇದನ್ನೆಲ್ಲ ಅವನು ಹೇಳಲಿಲ್ಲ. ಹಾಳೆ ತಿರುವಿದ.
ಅವಳು ಎದ್ದು ಕಿಟಕಿಯ ಬಳಿ ಹೋಗಿ
ಹೊರಗೆ ಬೆರಳು ಮಾಡಿದಳು:
ಕಲ್ಲಿನ ಗೋಡೆ, ಒಳಗೆ ತಣ್ಣಗೆ ನಿಂತ ನೀರು, ಮೂರು ದೋಣಿ.
'ಇದಕ್ಕೇನಂತಾರೆ ನಿಮ್ಮಲ್ಲಿ?'
ಪದ ಅವಳು ಹೇಳಲಿಲ್ಲ.
ನಿಯಮ ಅಷ್ಟರಲ್ಲಿ ಅವಳಿಗೂ ಬಂದಿತ್ತು.

ಆ ಟೇಪು ಈಗ ಯಾವುದೋ ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿದೆ.
ಡಬ್ಬಿಯ ಮೇಲೆ: ಹೆಣ್ಣು, ೭೯, ಮೀನುಗಾರಿಕೆ.
ಮೊಮ್ಮಗಳು ಮೇವಿಸ್, ತನಗೇ ಎಪ್ಪತ್ತಾರು,
ಮೊನ್ನೆ ಹೋಗಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತಳು.
ಬೊಱ್ಡ್. ಶೊಱ್ಟ್. ಬೆಕ್ಕಿನ ಕೆಮ್ಮು.
ಒಂದು ಕಡೆ ಹನ್ನೊಂದು ಸೆಕೆಂಡು
ಯಾರೂ ಮಾತಾಡುವುದಿಲ್ಲ, ಗಡಿಯಾರ, ಕಡಲಹಕ್ಕಿ.
ಆಮೇಲೆ ಗಂಡಸಿನ ದನಿ, ಒಂದೇ ಪದ,
ನಾಲಗೆಯನ್ನು ಹಿಂದಕ್ಕೆ ಮಡಿಸಿ,
ಎರಡು ರಕಾರವನ್ನೂ ಪೂರ್ತಿ ತುಂಬಿ:
ಹಾರ್ಬರ್.
ಬರೆದರೆ ಇಷ್ಟೇ.
ಪಟ್ಟಿಯಲ್ಲಿ ಅದು ದಾಖಲಾಗಿಲ್ಲ.

ಆ ರಾತ್ರಿ ಮೇವಿಸ್ ಬಚ್ಚಲಲ್ಲಿ
ಉಪ್ಪುನೀರು ಬಾಯಿಗೆ ತುಂಬಿ, ಕತ್ತು ಹಿಂದಕ್ಕೆ ಚೆಲ್ಲಿ,
ಗೊರಗೊರ ಮಾಡಿದಳು.
'ಗಂಟಲು ನೋವಾ?' ಹೊರಗಿನಿಂದ ಗಂಡ.
ಉಗಿದು, ಒಮ್ಮೆ ಪ್ರಯತ್ನಿಸಿದಳು. ಬೊ...
ಬರಲಿಲ್ಲ.
ಮತ್ತೆ ಲೋಟ ತುಂಬಿಸಿಕೊಂಡಳು.