ಫುಲ್ ಟಿಕೀಟು

ಪೇಪರಿನ್ಯಾಗ ಹಾಕಿದ್ರು:
ಮಂಗಳವಾರ ಮುಂಜಾನಿ ಒಂಬತ್ತರಿಂದ ಸಂಜಿ ಆರರ ತನಕ
ಬನಹಟ್ಟಿಗೆ ಕರೆಂಟಿಲ್ಲ, ಗ್ರಾಹಕರು ಸಹಕರಿಸಬೇಕು.
ನಾವು ಸಹಕರಿಸಿದ್ವಿ.
ನಾಕು ಮಗ್ಗ ನಿಂತ ದಿನ ಅಂದ್ರ
ನಮ್ಮನಿಗೆ ಅದೇ ಸೂಟಿ.

ಕಂಡಕಿ ಲೆಕ್ಕದ ವಹಿಯ ಕಡೀ ಹಾಳಿ ಹರದು
ಮ್ಯಾಲೆ ಗೋಕಾಕ ಫಾಲ್ಸ್ ಅಂತ ಬರದೆ,
ಕೆಳಗ ಎರಡು ಗೆರಿ ಎಳದೆ,
ಸಾಲಿ ಪರೀಕ್ಷಾದಾಗ ಎಳೀತಿದ್ದಂಗ.

ಅತ್ತಿ ಗುರಬಸವ್ವ, ಸೊನ್ನಿ.
ನಾನು, ಸೊನ್ನಿ.
ಮಗಳು ದಾನೇಶ್ವರಿ, ಸೊನ್ನಿ.
ಆಧಾರ ಕಾರ್ಡು ತೋರಿಸಿದ್ರ ಸಾಕು,
ಸರಕಾರ ನಮ್ಮನ್ನ ಪುಕಟ ಹೊತಗೊಂಡು ಹೋಗತದ.
"ನಾನೂ ಹೆಣ್ಣು ಹುಟ್ಟಬೇಕಿತ್ತು" ಅಂದ್ರು ಮನಿಯವ್ರು,
ಬಾಗಲದಾಗ ನಿಂತು ಎಣ್ಣಿ ಕೈ ಒರಸಕೋತ.
"ಒಂದಿನ ಹುಟ್ಟಿ ನೋಡಪಾ" ಅಂದ್ಲು ಅವರವ್ವ,
ಕುಟ್ಟಾಣಿ ಸಪ್ಪಳ ನಿಲ್ಲಿಸದನ.

ಅವರದು ಹೋಗಿ ಬರೂದು ನೂರಾ ಐವತ್ತು.
ಉಳದವ ವಿರೂಪಾಕ್ಷ.
ಹದಿಮೂರು ತುಂಬಿ ಎರಡು ತಿಂಗಳಾತು ಅಂವಗ,
ಮಾರಿ ನೋಡಿದ್ರ ಇನ್ನೂ ಹನ್ನೊಂದು,
ಮೀಸಿ ಜಾಗಾ ಒಂದು ಬಿಟ್ಟು.
"ಕೇಳಿದ್ರ ಹನ್ನೊಂದು ಅನ್ನು" ಅಂದೆ,
"ಮಣಕಾಲು ಸ್ವಲ್ಪ ಮಡಚು, ಚೀಲ ಎದಿಗೆ ಹಿಡಿ,
ಅಜ್ಜಿ ಬಗಲಾಗ ಸಣ್ಣಾಗಿ ಕೂಡು."
ಅಂವ ಹೂಂ ಅನಲಿಲ್ಲ, ಊಂಹೂಂ ಅನಲಿಲ್ಲ.
ಅರ್ಧ ಟಿಕೀಟು, ಎಪ್ಪತ್ತೈದು, ಬರದೆ.

ಊಟಕ್ಕ ಖರ್ಚಿಲ್ಲ.
ಪಂಚಮಿ ಉಂಡಿ ಇನ್ನೂ ಅರ್ಧ ಡಬ್ಬಿ ಇದ್ದುವು,
ಎಳ್ಳಿನವು ಕಲ್ಲಾಗಿದ್ದುವು, ಇರಲಿ, ಪ್ರವಾಸದಾಗ ಹಸಿವು ಜಾಸ್ತಿ.
ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಮೊಸರು ಬ್ಯಾಡ, ಚಲ್ಲತದ.
ಚಾ ಐದು, ಐವತ್ತು.
ಕರದಂಟು ಕಾಲ್ ಕೇಜಿ, ನೂರಾ ನಲವತ್ತೈದು.
ಕೂಡಿಸಿದ್ರ ನಾಕನೂರಾ ಇಪ್ಪತ್ತು.
ದೀಪದ ಹತ್ರ ಹಿಡದು ಮತ್ತೊಮ್ಮೆ ಕೂಡಿಸಿದೆ.
ನಾಕನೂರಾ ಇಪ್ಪತ್ತೇ.
ಹೋಗಬಹುದು.

ಮಹಾಲಿಂಗಪುರ ಬರೂದ್ರಾಗ ಕಂಡಕ್ಟರ ಬಂದ.
ಮೂರು ಸೊನ್ನಿ ಟಿಕೀಟು ಅತ್ತಿ ಕೈಯಾಗಿಟ್ಟ,
ಆಕಿ ಅವನ್ನ ಅಂಗಾರದಂಗ ಹಣಿಗೆ ಹಚ್ಚಿಕೊಂಡು
ಎಲಿಅಡಕಿ ಚಂಚಿಯಾಗ ಸೇರಿಸಿದ್ಲು.
"ಹುಡುಗಂದು ವಯಸ್ಸೆಷ್ಟು?"
ಹನ್ನೊಂದು ನನ್ನ ನಾಲಿಗಿ ತುದಿಗೇ ಇತ್ತು.
ವಿರೂಪಾಕ್ಷ ಎದ್ದು ನಿಂತ.
ಚೀಲ ಕೆಳಗಿಟ್ಟ. ಮಣಕಾಲು ನೆಟ್ಟಗ ಮಾಡಿದ.
ಮ್ಯಾಲಿನ ರಾಡಿಗೆ ಕೈ ಮುಟ್ಟಿಸಿ,
ನಡುವ ಒಡದ ದನಿಲೆ
"ಫುಲ್ ಕೊಡ್ರಿ" ಅಂದ.

ಕಂಡಕ್ಟರ ನನ್ನ ನೋಡಿದ.
ನಾನು ಕಿಡಕಿ ಹೊರಗ ಕಬ್ಬು ನೋಡಿದೆ.
ಮನಿಯವ್ರು ಎಲ್ಲಿಂದೋ ಒಂದು ನೋಟು ತಗದ್ರು,
ನಾಕು ಮಡಿಕಿ ಆಗಿತ್ತು, ನನ್ನ ಹಾಳಿಯಾಗ ಇರಲಿಲ್ಲ ಅದು.
ಬೈದೆ ಹೌದು, ಮುಧೋಳ ಕಡೆ ಹೊಳ್ಳೋ ರಸ್ತೆ ದಾಟೂತನಕ ಬೈದೆ,
ಆದ್ರ ನನ್ನ ದನಿಯಾಗ ಉಪ್ಪು ಕಡಿಮಿ ಇತ್ತು.

ಘಟಪ್ರಭಾ ಕೆಂಪಗ ಬಂದು ಬಂಡಿಗೆ ಬಿದ್ದು
ಬೆಳ್ಳಗ ಎದ್ದು ನಿಂದರತಿತ್ತು.
ಅತ್ತಿ ಕಿವಿ ಮುಚ್ಚಿಕೊಂಡ್ಲು:
"ಅಯ್ಯ ನಮ್ಮವ್ವ, ಇಲ್ಲೂ ಮಗ್ಗ ಹಚ್ಯಾರಲ್ಲ!"
ಖರೇನೇ. ಸಾವಿರ ಮಗ್ಗದ ಸಪ್ಪಳ.
ಆದ್ರ ಇದು ಕಂಡಕಿ ಬೇಡೂದಿಲ್ಲ,
ಎಳಿ ಹರದ್ರ ಯಾರನ್ನೂ ಕರಿಯೂದಿಲ್ಲ.
ನಾವು ಐದೂ ಮಂದಿ ಸುಮ್ಮನ ನಿಂತ್ವಿ,
ಅದು ತಾನ ನಡೀತು.

ಬರೂದಕ್ಕೂ ಫುಲ್ ಅಂದ ಮ್ಯಾಲೆ
ಕರದಂಟು ತೂಕ ಇಳಿಯಲೇ ಬೇಕಾತು.
ನೂರೈವತ್ತು ಗ್ರಾಮು, ನಾಕು ತುಂಡು.
ವಿರೂಪಾಕ್ಷ ಅಂದ: "ನನಗ ಬ್ಯಾಡ,
ಹಲ್ಲಿಗೆ ಅಂಟತದ."
ಹನ್ನೊಂದು ಅನ್ನಲಾರದ ಹುಡುಗ
ಎಷ್ಟು ಸಲೀಸಾಗಿ ಸುಳ್ಳು ಹೇಳಿದ, ನೋಡ್ರಿ.
ನನ್ನ ತುಂಡು ಮುರದು ಕೊಟ್ಟೆ. ತಿಂದ.

ಕರೆಂಟು ಆರಕ್ಕ ಬರಲಿಲ್ಲ, ಎಂಟಕ್ಕ ಬಂತು.
ಆ ಎರಡು ತಾಸು ಲೆಕ್ಕದಾಗ ಇಲ್ಲದ್ದು.
ಕತ್ತಲದಾಗ ಕಟ್ಟಿ ಮ್ಯಾಲೆ ಕುಂತು
ಅತ್ತಿ ಮೂರು ಟಿಕೀಟು ತಗದು ಮತ್ತ ಎಣಿಸಿದ್ಲು.