ಅರ್ಧ ತಾಸು

ಅಥಣಿ ರಸ್ತೆದಾಗ ಅರವತ್ತು ಕಿಲೋಮೀಟರು ತುಳದು
ವಿಜಾಪುರಕ್ಕ ತಿರುಗಿ ಬಂದು
ಸೈಕಲ್ಲು ಗ್ವಾಡಿಗೆ ಆನಿಸಿದೆ.
ಇಳದ ಮ್ಯಾಲೂ ತೊಡಿ ತುಳೀತಾನೇ ಅದಾವ,
ಬಟನ್ ಆರಿಸಿದರೂ
ತಿರುಗೂದು ಬಿಡದ ಹಿಟ್ಟಿನ ಗಿರಣಿ ಹಾಂಗ.

"ಅರ್ಧ ತಾಸಿನ್ಯಾಗ ತಿನ್ನಬೇಕು" ಅಂತಾರ ಮೇಟಿ ಸರ್,
"ತೊಡಿ ಒಳಗ ನೂಲು ಹರದಿರತಾವ,
ಹೆಣಿಯಾವ್ರು ಕೆಲಸಕ್ಕ ಬಂದು ಕುಂತಿರತಾರ,
ಬರಿಗೈಲೆ ಕೂಡಿಸಬ್ಯಾಡ್ರಿ ಅವರನ್ನ."
ಹಿಂಗ ಹೇಳೂ ಸರ್ ಕೈಯಾಗ
ಯಾವಾಗಲೂ ಚಾ, ಎರಡು ಖಾರಿ.

ಕಿಸೆದಾಗ ಇಪ್ಪತ್ತು ರೂಪಾಯಿ.
ಏಳೂ ಹತ್ತು.

ಔಷಧದ ಅಂಗಡಿ ಗಾಜಿನ ಹಿಂದ ಒಂದು ಕರೀ ಡಬ್ಬಿ.
ಅದರ ಮ್ಯಾಲೊಬ್ಬ ಅಂಗಿ ಇಲ್ಲದ ಗಂಡಸು,
ಹೊಟ್ಟಿ ಮ್ಯಾಲೆ ಇಟ್ಟಂಗಿ ಜೋಡಿಸಿಟ್ಟಾಂಗ.
ಮೂರು ಸಾವಿರದ ಎರಡನೂರು.
ನಾನು ನೋಡಿದ್ದು ನೋಡಿ
ಅಂಗಡಿಯಂವ ಗಾಜು ಒರಸಿದ.

ತತ್ತಿ ಗಾಡಿ ಮುಂದ ನಸೀಮಾ.
ಸಿಪ್ಪಿ ಸುಲದು, ಉಪ್ಪು ಉದುರಿಸಿ,
ಎರಡನೇದ್ದು ನನ್ನ ಕಡೆ ಹಿಡದಾಳ, "ತಗೋ."
ನಮ್ಮ ಮನ್ಯಾಗ ಅದರ ಹೆಸರೂ ತಗೊಳ್ಳಂಗಿಲ್ಲ,
ಆಯಿ ಕೊರಳಾಗಿನ ಲಿಂಗ ಮುಟ್ಟಿಕೊಂತಾಳ.
ಆದರ ಖರೇ ಹೇಳಬೇಕಂದ್ರ
ಹೋದ ತಿಂಗಳ ಕಣ್ಣು ಮುಚ್ಚಿ ಒಮ್ಮೆ ಕಡದೆ:
ಪಾಪ ಬರಲಿಲ್ಲ, ವಾಕರಿಕಿ ಬಂತು.
ಹಂಗಾಗಿ ನಂದು ಧರ್ಮದ ತಂಟೆ ಅಲ್ಲ,
ನಾಲಿಗಿದು.
"ನೀ ಇಲ್ಲದ ಒಂದು ರೇಸ್ ಗೆದ್ದೆ ಅನ್ಕೋ" ಅಂತ
ಅದನ್ನೂ ಆಕಿನ ತಿಂದ್ಲು.

ಏಳೂ ಹದಿನೆಂಟು.

ಬೇಕರ್‍ಯಾಗ ಬಂಗಾರದ ಕಾಗದದ ಪಟ್ಟಿ, ಮ್ಯಾಲೆ ದಪ್ಪಕ್ಷರದಾಗ "ಶಕ್ತಿ".
ತಿರುವಿ ಹಾಕಿ ಓದಿದೆ:
ಸಕ್ಕರಿ, ಸಕ್ಕರಿ ಪಾಕ, ಮತ್ತೊಂದು ಹೆಸರಿನ ಸಕ್ಕರಿ,
ಕಡೀಕ ಮೂರು ಗ್ರಾಂ ಪ್ರೋಟೀನು,
ಬೀಗರ ಪಂಕ್ತಿ ತುದಿಗೆ
ಕಾಲು ಮಡಚಿ ಕುಂತ ಬಡ ಸಂಬಂಧಿಕನಾಂಗ.

ಅವ್ವ ತಿಕೋಟಾದ ಶೆಡ್ಡಿನ್ಯಾಗ ಮಣೂಕ ಆರಸತಾಳ.
ಕಡ್ಡಿ ಬ್ಯಾರೆ, ಕಪ್ಪು ಬ್ಯಾರೆ, ಹಸರು ಬ್ಯಾರೆ.
ಸಂಜೀಕ ಸೆರಗಿನ ಗಂಟಿನಾಗ ಒಂದು ಮುಷ್ಟಿ ತಂದು
"ತಿನ್ನು, ರಟ್ಟಿಗೆ ಬಲ" ಅಂತಿದ್ಲು.
ಸರ್ ಹೇಳಿದ್ದು ನಾ ಆಕಿಗೆ ಹೇಳಿಬಿಟ್ಟೆ:
ಮಣೂಕ ಒಲಿಗೆ ಕಟ್ಟಿಗಿ ಇದ್ದಾಂಗ, ಒಲಿ ಕಟ್ಟೂ ಮಣ್ಣಲ್ಲ.
ಬ್ಯಾಸರಾದ್ಲೋ ಅಂತ ಮಾರಿ ನೋಡಿದೆ.
"ಹಂಗಾರ ಮಣ್ಣು ಯಾವುದರಾಗ ಐತಿ ಹೇಳ,
ಹತ್ತು ತಾಸು ಜಾಳಗಿ ಆಡಸತೀನಿ,
ನನ್ನ ರಟ್ಟಿ ನೂಲು
ಇಪ್ಪತ್ತು ವರ್ಷದಿಂದ ಹರದೇ ಅದಾವ" ಅಂದ್ಲು.
ನಗಾಕತ್ತಿದ್ಲು, ಖರೇ.
ನನಗ ಮಾತ್ರ ಆ ರಾತ್ರಿ ಊಟ ಇಳೀಲಿಲ್ಲ.

ಏಳೂ ಇಪ್ಪತ್ತಾರು.
ಚುರಮರಿ ಭಟ್ಟಿ ತೆಗದೈತಿ.
ಪರಸಪ್ಪಜ್ಜ ಬಿಸಿ ಉಸುಕಿನ್ಯಾಗ ಸೌಟು ಆಡಿಸಿದರ
ಕಡ್ಲಿ ಒಂದೊಂದೇ ಬಾಯಿ ಬಿಡತಾವ.
"ಹತ್ತರದು ಪುಠಾಣಿ, ಹತ್ತರದು ಶೇಂಗಾ."
ಕೈಯಾಗ ತೂಗಿದೆ: ಎಲ್ಲಾ ಕೂಡಿ ಹದಿನೆಂಟು ಗ್ರಾಂ ಆದೀತು.
ಸರ್ ಕೇಳಿದ್ದು ಇಪ್ಪತ್ತು.
ಮ್ಯಾಲೆ ನಾಲ್ಕು ಮಣೂಕ, ನಿನ್ನಿ ಗಂಟಿನವು.
ಅವು ಲೆಕ್ಕಕ್ಕ ಬರಂಗಿಲ್ಲ,
ಬಾಯಿಗೆ ಬರತಾವ.

ಪುಠಾಣಿಗೆ ಅವಸರ ತಿಳಿಯಂಗಿಲ್ಲ.
ಅಗದಷ್ಟೂ ಹಿಟ್ಟು, ಗಂಟಲಿಗೆ ಅಂಟಿಕೊಂಡು
ನೀರು ಕೊಡು ಅಂತೈತಿ.
ಬಾಟಲಿ ತಳದಾಗಿನ ಬಿಸಿ ನೀರು ಕುಡದೆ.
ಹೆಣಿಗಿ ಸಪ್ಪಳ ಕೇಳಸತೈತೇನು ಅಂತ
ತೊಡಿ ಮ್ಯಾಲೆ ಕೈ ಇಟ್ಟೆ.
ಏನೂ ಇಲ್ಲ. ಬರೀ ಬಿಸಿ,
ಒಳಗ ಒಂದು ಎಳಿ ಮಿಡದಾಂಗ.

ಏಳೂ ನಲವತ್ತಕ್ಕ
ಪೊಟ್ಟಣದಾಗ ಅರ್ಧ ಉಳದಿತ್ತು.
ಕಾಗದದ ಬಾಯಿ ಎರಡು ಸಲ ಮಡಚಿ
ಕಿಸೆದಾಗ ಇಟ್ಟೆ.
ಸರ್ ಕೇಳಿದರ ಪೂರಾ ತಿಂದೆ ಅಂತೀನಿ.

ಅವ್ವನ ಬಸ್ಸು ಎಂಟಕ್ಕ.
ಸೈಕಲ್ಲು ಮತ್ತ ಹತ್ತಿದೆ.